ಇತಿಹಾಸದಿಂದ ಏನು ಪ್ರಯೋಜನ ಎಂದು ಕೇಳುವ ಪೋಷಕರಿಗೆ ಏನು ಹೇಳಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಮಂಡ್ಯ ಜಿಲ್ಲೆ

ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, "ಸತ್ತುಹೋದ ರಾಜರ ಕಥೆಯಿಂದ ನಮ್ಮ ಹುಡುಗನಿಗೆ ಯಾವ ಕೆಲಸ ಸಿಗುತ್ತದೆ ಮೇಡಂ? ಆ ಪೀರಿಯಡ್ಡನ್ನೂ ಗಣಿತಕ್ಕೆ ಕೊಟ್ಟುಬಿಡಿ" ಎಂದರು. ದೇಶಾಭಿಮಾನ ಬೆಳೆಯುತ್ತದೆ, ಹಿಂದಿನವರ ತಪ್ಪುಗಳಿಂದ ಪಾಠ ಕಲಿಯಬಹುದು ಎಂದು ಬಿ.ಇಡಿ. ಓದುವಾಗ ಬರೆದುಕೊಂಡಿದ್ದ ಉತ್ತರವನ್ನೇ ಒಪ್ಪಿಸಿದೆ; ಹೇಳುತ್ತಿದ್ದಂತೆಯೇ ಅದು ನನಗೇ ಪೊಳ್ಳೆನಿಸಿತು. ಎಸ್‌ಎಸ್‌ಎಲ್‌ಸಿಯ ಒಂದೇ ಪತ್ರಿಕೆಯಲ್ಲಿ ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳೂ ಸೇರಿರುವುದರಿಂದ ಪಾಠ ಮುಗಿಸುವುದೇ ಒಂದು ಓಟವಾಗಿದೆ. ಹದಿನೈದು ವರ್ಷದ ಮಗುವಿಗೆ ಇತಿಹಾಸ ಕೊಡುವಂಥದ್ದು, ಬೇರೆ ವಿಷಯ ಕೊಡಲಾರದ್ದು, ಏನಾದರೂ ನಿಜವಾಗಿ ಇದೆಯೇ?

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ

ಇದೆ. ಅದನ್ನು ನಿಮ್ಮ ಜಿಲ್ಲೆಯ ಕಲ್ಲೊಂದರಿಂದಲೇ ತೋರಿಸಬಹುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949ರ ಸುಮಾರಿನ ವೀರಗಲ್ಲನ್ನು ಕಾಳಿ ಎಂಬ ಬೇಟೆನಾಯಿಗಾಗಿ ನಿಲ್ಲಿಸಲಾಯಿತು. ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತ ನಾಯಿ ಅದು. ನಾಯಿಯೂ ಹಂದಿಯೂ ಎದುರುಬದುರಾಗಿರುವ ಚಿತ್ರ ಕಲ್ಲಿನ ಮೇಲೆಯೇ ಇದೆ. ಮಕ್ಕಳು ಇಷ್ಟು ಕೇಳಿದರೆ ಸಾಕು, ಪಾಠ ನಿಮ್ಮ ಕೈಗೆ ಬಂದಂತೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದು ಅದೇ ಕಲ್ಲು ಹೇಳುತ್ತದೆ. ಚೋಳರ ಶಾಸನಗಳೋ ಅದೇ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆಯೆಂದು ಗೌರವದಿಂದ ನೆನೆಯುತ್ತವೆ. ಒಂದೇ ಸಾವು, ಗೆದ್ದವರ ಕಲ್ಲಿನಲ್ಲಿ ಅದು ಪರಾಕ್ರಮ, ಸೋತವರ ಶಾಸನದಲ್ಲಿ ವೀರಸ್ವರ್ಗ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾರು ಬರೆಸಿದರು, ಯಾರಿಗೆ ಕೇಳಿಸಲೆಂದು ಬರೆಸಿದರು, ಎರಡೂ ಒಪ್ಪುವ ಸಂಗತಿ ಯಾವುದು ಎಂದು ಕೇಳಿ ನೋಡಿ. ಗಣಿತದಲ್ಲಿ ಸರಿ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿರುತ್ತದೆ. ಇಲ್ಲಿ ಇಬ್ಬರು ಸಾಕ್ಷಿಗಳು ತಮ್ಮ ತಮ್ಮ ಲಾಭಕ್ಕೆ ಮಾತನಾಡುತ್ತಿರುವಾಗ ನಂಬತಕ್ಕದ್ದೆಷ್ಟು ಎಂಬುದನ್ನು ಮಗುವೇ ತೂಗಿ ನೋಡಬೇಕಾಗುತ್ತದೆ, ಮತ್ತು ಮೊಬೈಲಿಗೆ ಬಂದುದನ್ನೆಲ್ಲ ನಿಜವೆಂದು ಹತ್ತು ಜನಕ್ಕೆ ಕಳುಹಿಸುವ ಈ ಕಾಲದಲ್ಲಿ ಆ ಅಭ್ಯಾಸಕ್ಕಿಂತ ಉಪಯೋಗದ ವಿದ್ಯೆ ನನಗೆ ಕಾಣುತ್ತಿಲ್ಲ. ಇಸವಿಗಳ ಉರು ಹೊಡೆಸುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಉತ್ತರ 2: ವಕೀಲ

ಹಿರಿಯರ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದುದೆಲ್ಲ ನನಗೆ ಒಪ್ಪಿಗೆ. ಜಮೀನಿನ ವ್ಯಾಜ್ಯವೊಂದರಲ್ಲಿ ಎದುರು ಪಕ್ಷದವರು 1968ರದೆಂದು ಒಂದು ಹಳೆಯ ಪತ್ರವನ್ನು ಹಾಜರುಪಡಿಸಿದ್ದರು. ಕಾಗದ ಹಳದಿಯಾಗಿತ್ತು, ಮಡಿಕೆಗಳಲ್ಲಿ ಹರಿದಿತ್ತು, ಸಹಿಯೂ ಇತ್ತು. ಆದರೆ ಅಂಚಿನಲ್ಲಿದ್ದ ಮೊಹರಿನಲ್ಲಿ "ಕರ್ನಾಟಕ ಸರ್ಕಾರ" ಎಂದಿತ್ತು. 1956ರ ನವೆಂಬರ್ 1ರಂದು ಏಕೀಕರಣಗೊಂಡ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಮುಂದುವರಿದು, ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದನ್ನು ಮೊದಲು ಗಮನಿಸಿದ್ದು ನಾನಲ್ಲ, ನನ್ನ ಕಿರಿಯ ಸಹಾಯಕಿ. ಶಾಲೆಯಲ್ಲಿ ಉರು ಹೊಡೆದ ಇಸವಿಯೇ ನೆನಪಿಗೆ ಬಂತೆಂದು ಹೇಳಿದಳು. ಇಸವಿಗಳು ತಲೆಯಲ್ಲಿ ಇಲ್ಲದವನಿಗೆ ಸಂಶಯ ಹುಟ್ಟುವುದಾದರೂ ಎಲ್ಲಿಂದ? ನೂರು ಬೇಡ, ಇಪ್ಪತ್ತು ಇಸವಿಗಳು ಗಟ್ಟಿಯಾಗಿರಲಿ.

ಕೆಲಸದ ಬಗ್ಗೆ ಕೇಳಿದ ಆ ತಂದೆಗೆ, ಪಹಣಿ, ಪಾಲುಪತ್ರಗಳನ್ನು ಓದಿ ನೋಡುವ ಪ್ರತಿಯೊಬ್ಬರೂ ಈ ಕೆಲಸವನ್ನೇ ಮಾಡುತ್ತಿರುತ್ತಾರೆಂದು ಹೇಳಿ.

ಉತ್ತರ 3: ಶಿಕ್ಷಕ, ರಾಯಚೂರು ಜಿಲ್ಲೆ

ಇಬ್ಬರ ಮಾತೂ ಚೆನ್ನಾಗಿದೆ, ಆದರೆ ಫೆಬ್ರವರಿಯೊಳಗೆ ಪುನರಾವರ್ತನೆ ಮುಗಿಸಬೇಕಾದವರ ಪಾಡು ಇಬ್ಬರಿಗೂ ಇಲ್ಲ. ಎಲ್ಲ ಅಧ್ಯಾಯಗಳನ್ನೂ ಹೀಗೆ ಬೋಧಿಸಲಾಗದು. ನಾನು ವರ್ಷಕ್ಕೆ ಎರಡು ಪಾಠಗಳನ್ನಷ್ಟೇ ಆರಿಸಿಕೊಂಡು ನಿಧಾನವಾಗಿ ಮಾಡುತ್ತೇನೆ, ಉಳಿದವನ್ನು ಓಡಿಸುತ್ತೇನೆ. ಲಿಖಿತ ಪರೀಕ್ಷೆಯ 80 ಅಂಕಗಳನ್ನು ಬಿಟ್ಟು 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕಿರುವುದರಿಂದ ಅದರ ಒಂದು ಚಟುವಟಿಕೆ ಇದಕ್ಕೆ ಹೊಂದುತ್ತದೆ.

ನಮ್ಮಲ್ಲಿ ಮಸ್ಕಿ ಇದೆ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಓದಿದ ಮೇಲೆಯೂ ಶಾಸನಗಳಲ್ಲಿ ಸಿಗುತ್ತಿದ್ದುದು "ದೇವಾನಾಂಪ್ರಿಯ" ಎಂಬ ಬಿರುದು; ಆತ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರು ಮಸ್ಕಿಯ ಬಂಡೆಯ ಶಾಸನವನ್ನು ಪತ್ತೆಹಚ್ಚಿದಾಗ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರೂ ದೊರೆಯಿತು. "ಹಾಗಾದರೆ ಅಲ್ಲಿಯವರೆಗೆ ಊಹೆಯೇ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು. ಊಹೆಗೂ ಆಧಾರವಿರುವ ಊಹೆಗೂ ಇರುವ ವ್ಯತ್ಯಾಸವನ್ನು ವಿವರಿಸಲು ನನಗೆ ಇಡೀ ಪೀರಿಯಡ್ ಬೇಕಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಮ್ಮ ಕೆರೆ ಏರಿಯ ಬಳಿಯೂ ಒಂದು ವೀರಗಲ್ಲಿದೆ; ಊರಿನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಏಕೆಂದು ಯಾರೂ ಹೇಳುವುದಿಲ್ಲ. ಶನಿವಾರ ಮಕ್ಕಳನ್ನು ಕರೆದೊಯ್ಯಬೇಕೆಂದಿದ್ದೇನೆ. ಅಕ್ಷರಗಳು ಬಹಳ ಸವೆದಿವೆ, ಸೀಮೆಸುಣ್ಣ ತಿಕ್ಕಿದರೆ ಕಾಣಿಸಬಹುದೇ?

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ

ಸೀಮೆಸುಣ್ಣ ಬೇಡ, ಕಲ್ಲಿಗೆ ಕೇಡು. ಸೂರ್ಯ ಇಳಿಯುವ ಹೊತ್ತಿಗೆ ಹೋಗಿ. ಇಲ್ಲವೇ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಆನಿಸಿ ಓರೆಯಾಗಿ ಬೆಳಕು ಬಿಡಿ, ಗೆರೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ಊರಿನ ಹೆಸರು ಇದೆಯೇ ಎಂದು ಹೋಗುವ ಮೊದಲೇ ನೋಡಿಕೊಳ್ಳಿ, ಆದರೆ ಮಕ್ಕಳಿಗೆ ಮೊದಲೇ ಹೇಳಬೇಡಿ. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿದ್ದರೆ ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನ ಕಲ್ಲಿರಬಹುದು. ಅದನ್ನು ಅವರೇ ಕಂಡುಹಿಡಿಯಲಿ.