ಹತ್ತು ಕಾಫಿಗೆ ಒಂದು ಫ್ರೀ ಅಂತ ಕಾರ್ಡ್ ತಗೊಂಡೆ, ಲೋಟ ಮಾತ್ರ ತುಂಬುತ್ತಿಲ್ಲ

ಮುಕ್ಕಾಲುಲೋಟ:
ಜಯನಗರದಲ್ಲಿ ನಮ್ಮ ಆಫೀಸಿನ ಹತ್ತಿರ ಒಂದು ದರ್ಶಿನಿ ಇದೆ, ಹೆಸರು ಬೇಡ. 200 ರೂಪಾಯಿ ಮೊದಲೇ ಕಟ್ಟಿದರೆ 20 ರೂಪಾಯಿ ಕಾಫಿ ಹತ್ತರ ಬದಲು ಹನ್ನೊಂದು ಸಿಗುತ್ತದೆ, ಪ್ರತಿ ಸಲ ಕಾರ್ಡಿಗೆ ಸೀಲ್ ಹೊಡೆಯುತ್ತಾರೆ. ಮೊದಲ ವಾರ ಖುಷಿಯಾಗಿದ್ದೆ. ಆಮೇಲೆ ನೋಡಿದರೆ ಒಂದು ದಿನ ಅಂಚಿನವರೆಗೆ ಕಾಫಿ, ಇನ್ನೊಂದು ದಿನ ನೊರೆ ಇಳಿದ ಮೇಲೆ ಎರಡು ಬೆರಳಷ್ಟು ಖಾಲಿ. ನಗಬೇಡಿ, ಮನೆಯಿಂದ ಅಳತೆ ಕಪ್ ತಂದು ಒಂದು ವಾರ ಅಳೆದೆ. ಒಳ್ಳೆಯ ದಿನ 110 ಮಿಲಿ, ಉಳಿದ ದಿನ 90ರ ಆಸುಪಾಸು. ಹನ್ನೊಂದು ತೊಂಬತ್ತಲ ಅಂದರೆ 990. ಹತ್ತೇ ಕಾಫಿ ತುಂಬ ಕೊಟ್ಟಿದ್ದರೆ 1100 ಆಗುತ್ತಿತ್ತು! ಫ್ರೀ ಕಾಫಿ ಸೇರಿಸಿಯೂ ನಾನು ಕುಡಿದದ್ದು ಕಡಿಮೆಯೇ ಅಲ್ವಾ? ಕಾರ್ಡ್‌ನವರಿಗೆ ಬೇಕಂತಲೇ ಕಡಿಮೆ ಹಾಕುತ್ತಾರಾ, ಅಥವಾ ಸುಮ್ನೆ ನನ್ನ ಅನುಮಾನವಾ?

ಡಿಕಾಕ್ಷನ್ ಮಾಸ್ಟರ್:
ಮೂರು ವರ್ಷ ಕಾಫಿ ಕೌಂಟರಿನಲ್ಲಿ ನಿಂತವನು ನಾನು. ರಶ್ ಇದ್ದಾಗ ಯಾರದು ಕಾರ್ಡ್ ಯಾರದು ಕ್ಯಾಶ್ ಅಂತ ನೋಡಲು ಪುರುಸೊತ್ತು ಇರುವುದಿಲ್ಲ, ಟೋಕನ್ ಇಸ್ಕೊಂಡು ಕಾಫಿ ಕೊಡುವುದಷ್ಟೇ. ಮೋಸ ಇರುವುದು ನೊರೆಯಲ್ಲಿ. ಹಾಲನ್ನು ಎತ್ತರದಿಂದ ಹೊಯ್ದರೆ ಲೋಟ ತುಂಬಿದ ಹಾಗೆ ಕಾಣುತ್ತದೆ, ಎರಡು ನಿಮಿಷ ಬಿಟ್ಟು ನೋಡಿ. ಇನ್ನೊಂದು, ಬೆಳಿಗ್ಗೆ ಸಿಗುವುದು ಮೊದಲ ಡಿಕಾಕ್ಷನ್. ಹೊತ್ತು ಏರಿದ ಮೇಲೆ ಕೆಲವು ಕಡೆ ಅದೇ ಪುಡಿಗೆ ಮತ್ತೆ ನೀರು ಹಾಕುತ್ತಾರೆ. ಆಗ ಬಣ್ಣವೂ ಇಲ್ಲ, ಘಮವೂ ಇಲ್ಲ. ನೀವು ಎಷ್ಟು ಗಂಟೆಗೆ ಹೋಗುತ್ತೀರಿ?

ಸಂಶಯಪ್ಪ:
ಮಾಸ್ಟರ್ ಹೇಳಿದ್ದು ಸರಿ, ಆದರೆ ಟೋಕನ್ ಎಲ್ಲರಿಗೂ ಒಂದೇ ಬಣ್ಣದ್ದಾ?

ಮುಕ್ಕಾಲುಲೋಟ:
ಅಯ್ಯೋ. ಕಾರ್ಡ್‌ಗೆ ಹಳದಿ ಚೀಟಿ ಕೊಡುತ್ತಾರೆ!

ಲೆಕ್ಕದ ಮೇಷ್ಟ್ರು:
ಹೋಟೆಲಿನವರ ಕಷ್ಟವೂ ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಪುಡಿಯಂತೂ ಕೇಳಲೇಬೇಡಿ. ರೇಟು ಏರಿಸಿದರೆ ಗಿರಾಕಿ ಮುಖ ತಿರುಗಿಸುತ್ತಾನೆ, ಅದಕ್ಕೆ ಲೋಟದಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಹಾಗಂತ ಫ್ರೀ ಅಂತ ಬೋರ್ಡ್ ಹಾಕಿ ಈ ಕೆಲಸ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮತ್ತೆ ಕಾರ್ಡ್ ಹಿಂದೆ ಕೊನೆ ದಿನಾಂಕ ಇದೆಯಾ ನೋಡಿಕೊಳ್ಳಿ. ಕಟ್ಟಿದ ದುಡ್ಡು ವಾಪಸ್ ಕೊಡದೆ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಇಪ್ಪತ್ತು ಮಿಲಿ ಕಾಫಿಗೆ ಫೋನ್ ಮಾಡಬೇಡಿ, ಅವರೂ ನಗುತ್ತಾರೆ.

ಗಾಂಧಿಬಜಾರ್ ಅಜ್ಜ:
ನಮ್ಮ ಕಾಲದಲ್ಲಿ ಬೈ-ಟು ಹೇಳಿದರೆ ಎರಡೂ ಲೋಟ ಸೇರಿ ಒಂದು ಕಾಫಿಗಿಂತ ಜಾಸ್ತಿಯೇ ಬರುತ್ತಿತ್ತಪ್ಪ. ಕಾರ್ಡು ಗೀರ್ಡು ಬಿಟ್ಟು ಬೈ-ಟು ಹೇಳು, ಎರಡನ್ನೂ ನೀನೇ ಕುಡಿ.

ಮುಕ್ಕಾಲುಲೋಟ:
ಎರಡು ದಿನ ಪರೀಕ್ಷೆ ಮಾಡಿದೆ. ಸಹೋದ್ಯೋಗಿಯೊಬ್ಬರು ಕ್ಯಾಶ್ ಕೊಟ್ಟು ಬಿಳಿ ಟೋಕನ್ ತಗೊಂಡರು, ನಾನು ಹಳದಿ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರಿಗೂ ಹೆಚ್ಚುಕಮ್ಮಿ 105. ಹನ್ನೊಂದೂವರೆಗೆ ಇಬ್ಬರಿಗೂ 85, ಜೊತೆಗೆ ನೀರು ನೀರು. ಮಾಸ್ಟರ್, ನೀವೇ ಗೆದ್ದಿರಿ, ಕಾರ್ಡಿನದಲ್ಲ ಹೊತ್ತಿನ ತಪ್ಪು. ನಾನು ಹೆಚ್ಚಿನ ದಿನ ಹೋಗುತ್ತಿದ್ದದ್ದು ಹನ್ನೊಂದೂವರೆಗೇ. ಸಂಶಯಪ್ಪನವರಿಗೂ ಒಂದು ಪಾಯಿಂಟ್ ಕೊಡಬೇಕು ಬಿಡಿ: ಇವತ್ತು ನನ್ನ ಹನ್ನೊಂದನೇ, ಅಂದರೆ ಫ್ರೀ ಕಾಫಿ, ಬೈ-ಟು ಲೋಟದಲ್ಲಿ ಬಂತು.