ಪುಟ್ಟಿಯ ಪಠ್ಯಪಟ್ಟಿ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಚಿಕ್ಕಪ್ಪ: ಪುಟ್ಟಿ ಕಾಲೇಜಿನ ಪಠ್ಯಪಟ್ಟಿ ಕಳಿಸಿದ್ದಾಳೆ, ಫೋಟೊ ನೋಡಿ. ಮೊದಲ ವರ್ಷದ ಅಮೆರಿಕನ್ ಸಾಹಿತ್ಯ. ಹರ್ಮನ್ ಮೆಲ್ವಿಲ್ ಬರೆದ ಕಾದಂಬರಿ ‘ಮೋಬಿ ಡಿಕ್’ ಇಲ್ಲ! ಆ ಜಾಗದಲ್ಲಿ ಗುಲಾಮರ ಆತ್ಮಕಥೆ ಎರಡು. ಮೈಸೂರಿನಲ್ಲಿ ನಾವು ಎಂ.ಎ. ಓದುವಾಗ ಹೀಗಿರಲಿಲ್ಲ.

ಅಣ್ಣ: ಇಲ್ಲಿ ಸೆಮಿಸ್ಟರ್ ಅಂದರೆ ಕೆಲವೇ ವಾರ ಚಿಕ್ಕಪ್ಪ. ಅಷ್ಟು ದಪ್ಪ ಪುಸ್ತಕ ಇಟ್ಟರೆ ಉಳಿದದ್ದು ಓದೋದು ಯಾವಾಗ?

ಚಿಕ್ಕಪ್ಪ: ಸಮಯದ ಮಾತಲ್ಲಪ್ಪ. ಗುಲಾಮರ ಕಷ್ಟ ಇತಿಹಾಸದ ಕ್ಲಾಸಿಗೆ ಸರಿ. ಸಾಹಿತ್ಯ ಅಂದ ಮೇಲೆ ಬರವಣಿಗೆ ನೋಡಬೇಕು ಅಲ್ವಾ?

ನಾನು: ಬರವಣಿಗೆಯನ್ನೇ ನೋಡೋಣ. ಪಟ್ಟಿಯ ಒಂದು ಆತ್ಮಕಥೆ ಫ್ರೆಡರಿಕ್ ಡಗ್ಲಾಸ್‌ನದು. ಗುಲಾಮನಾಗಿದ್ದಾಗ ತಾನು ಅಕ್ಷರ ಕಲಿತದ್ದನ್ನು 1845ರ ಆ ಪುಸ್ತಕದಲ್ಲಿ ಹೇಗೆ ಹೇಳುತ್ತಾನೆ ಗೊತ್ತಾ? ಬಾಲ್ಟಿಮೋರಿನ ಒಡತಿ ಕಲಿಸಲು ಶುರು ಮಾಡಿದಳು, ಗಂಡ ತಡೆದ. ಆಮೇಲೆ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಂಡ. ಹಡಗು ಕಟ್ಟುವ ಕಡೆ ಬಡಗಿಗಳು ಮರದ ತುಂಡು ಹಡಗಿನ ಎಡಬದಿಗಾದರೆ ‘ಎಲ್’ (ಲಾರ್ಬೋರ್ಡ್), ಬಲಬದಿಗಾದರೆ ‘ಎಸ್’ (ಸ್ಟಾರ್ಬೋರ್ಡ್) ಅಂತ ಅದರ ಮೇಲೆ ಗುರುತು ಹಾಕುತ್ತಿದ್ದರು. ಅದನ್ನು ನೋಡಿ ನೋಡಿ ಬರೆಯಲು ಕಲಿತ. ಇಂಥ ವಿವರ ಆರಿಸಿಕೊಳ್ಳುವುದು ಬರಹಗಾರನ ಕಣ್ಣು ಚಿಕ್ಕಪ್ಪ. ಸುಮ್ನೆ ಗೋಳು ತೋಡಿಕೊಳ್ಳುವವನು ಹೀಗೆ ಬರೆಯುವುದಿಲ್ಲ.

ಚಿಕ್ಕಪ್ಪ: ಡಗ್ಲಾಸ್ ಒಪ್ಪಿದೆ. ಆದರೆ ಇನ್ನೊಂದು ಆತ್ಮಕಥೆಯ ಹ್ಯಾರಿಯೆಟ್ ಜೇಕಬ್ಸ್? ಆ ಪುಸ್ತಕ ಅವಳು ಬರೆದದ್ದೇ ಅಲ್ಲ ಅಂತ ಎಲ್ಲೋ ಓದಿದ ನೆನಪು.

ನಾನು: ಬಹಳ ಜನ ಹಾಗೇ ನಂಬಿದ್ದರು, ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಕಟ್ಟಿದ ಕಥೆ ಅಂತ. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಹಳೆಯ ಪತ್ರಗಳನ್ನು ಹಿಡಿದು ಅದು ಜೇಕಬ್ಸ್ ಬರಹವೇ ಅಂತ ತೋರಿಸಿಕೊಟ್ಟರು.

1861ರ ಪುಸ್ತಕ ಅದು. ಯಜಮಾನನ ಕಾಟ ತಾಳಲಾರದೆ ಆಕೆ ಅಜ್ಜಿಮನೆಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಜಾಸ್ತಿ ಎತ್ತರ ಇರುವ ಕಡೆಯೇ ಮೂರು ಅಡಿ. ಹಾಸಿಗೆಯ ಮೇಲೆ ಇಲಿ ಓಡಾಡುತ್ತಿದ್ದವು. ಬೈರಿಗೆಯಿಂದ ತೂತು ಕೊರೆದು ಹೊರಗೆ ಓಡಾಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ಕೂಗಿ ಕರೆಯುವಂತಿಲ್ಲ. ಅಲ್ಲೇ ಕೂತು, ನ್ಯೂಯಾರ್ಕಿನಿಂದ ಬರೆದ ಹಾಗೆ ಯಜಮಾನನಿಗೆ ಕಾಗದ ಬರೆದು ದಾರಿ ತಪ್ಪಿಸಿದಳು. ಇದನ್ನು ಪುಟ್ಟಿ ಓದಬೇಡವಾ?

ಚಿಕ್ಕಪ್ಪ: ಓದಲಿ. ಮೆಲ್ವಿಲ್ ಕೂಡ ಇರಬೇಕಿತ್ತು ಅನ್ನೋದು ನನ್ನ ಮಾತು.

ನಾನು: ಇರಬೇಕಿತ್ತು, ನನಗೂ ಬೇಜಾರಿದೆ. ಆದರೆ 1891ರಲ್ಲಿ ಮೆಲ್ವಿಲ್ ತೀರಿಕೊಂಡಾಗ ಜನ ಆತನನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. 1920ರ ದಶಕದಲ್ಲಿ ಮತ್ತೆ ಓದಿ ಎತ್ತಿ ಹಿಡಿದರು. ಯಾರೂ ಹಳೇ ಪಟ್ಟಿ ಮುಟ್ಟದೇ ಇದ್ದಿದ್ದರೆ ನೀವು ಮೈಸೂರಿನಲ್ಲಿ ‘ಮೋಬಿ ಡಿಕ್’ ಓದುತ್ತಿರಲಿಲ್ಲ.

ಚಿಕ್ಕಪ್ಪ: ಹೂಂ, ಇದು ನಿಜ. ಜೇಕಬ್ಸ್ ಪುಸ್ತಕದ ಪಿಡಿಎಫ್ ಇದ್ದರೆ ಹಾಕು. ನಾನೂ ಪುಟ್ಟಿ ಜೊತೆ ಓದುತ್ತೇನೆ.

ಅಜ್ಜಿ (ವಾಯ್ಸ್ ಮೆಸೇಜು): ಅಟ್ಟದಲ್ಲಿದ್ದ ಆ ಹುಡುಗಿಗೆ ಮಕ್ಕಳು ಸಿಕ್ಕಿದರೇನೇ?

ನಾನು: ಸಿಕ್ಕಿದರು ಅಜ್ಜಿ. 1842ರಲ್ಲಿ ಹಡಗು ಹತ್ತಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳ ಕಡೆ ಹೋದಳು. ಮಗಳು ಆಗಲೇ ಬ್ರೂಕ್ಲಿನ್‌ನಲ್ಲಿದ್ದಳು, ಮಗ ಆಮೇಲೆ ಬಂದ.

ಅಜ್ಜಿ: ಅವಳ ಅಜ್ಜಿ?

ನಾನು: ಊರಲ್ಲೇ ಉಳಿದರು. ಇಬ್ಬರೂ ಮತ್ತೆ ನೋಡಲಿಲ್ಲ ಅಜ್ಜಿ.