ಕೃತಕ ಬುದ್ಧಿಮತ್ತೆ ನಡೆಸುವ ಸಂದರ್ಶನಕ್ಕೆ ಸಿದ್ಧತೆ ಹೇಗಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗೋದಾಮಿನ ದಾಸ್ತಾನು ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿರುವ ನಾನು ಈಗ ಬೇರೊಂದು ಸಂಸ್ಥೆಯಲ್ಲಿ ಮೇಲ್ವಿಚಾರಕನ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಮೊದಲ ಸುತ್ತಿನ ಸಂದರ್ಶನವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೇ ನಡೆಸುತ್ತದೆ ಎಂದು ಅವರಿಂದ ಇಮೇಲ್ ಬಂದಿದೆ. ಎದುರಿಗೆ ಕುಳಿತವರ ಮುಖ ನೋಡಿ ಮಾತು ಮುಂದುವರಿಸಬೇಕೇ, ಸಾಕು ಮಾಡಬೇಕೇ ಎಂದು ತಿಳಿದುಕೊಳ್ಳುವ ಅಭ್ಯಾಸ ನನ್ನದು. ಇಲ್ಲಿ ಆ ಅನುಕೂಲವಿಲ್ಲ. ಯಂತ್ರವು ಮುಖಭಾವವನ್ನೂ ಅಳೆಯುತ್ತದೆ, ಆದ್ದರಿಂದ ಉದ್ದಕ್ಕೂ ಮುಗುಳ್ನಗುತ್ತಲೇ ಇರಬೇಕು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ಉತ್ತರಗಳನ್ನು ಬರೆದು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತಿದ್ದೇನೆ. ಮೊದಲು ಆ ಇಮೇಲನ್ನು ಇನ್ನೊಮ್ಮೆ ಓದಿ, ನಿಮ್ಮದು ಯಾವ ಬಗೆಯ ಸಂದರ್ಶನ ಎಂದು ಖಚಿತಪಡಿಸಿಕೊಳ್ಳಿ. ಒಂದು ಬಗೆಯಲ್ಲಿ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ, ಯೋಚಿಸಲು ತುಸು ಸಮಯ ಸಿಗುತ್ತದೆ, ಆಮೇಲೆ ನಿಗದಿತ ಅವಧಿಯೊಳಗೆ ನಿಮ್ಮ ಉತ್ತರ ರೆಕಾರ್ಡ್ ಆಗುತ್ತದೆ. ಇನ್ನೊಂದರಲ್ಲಿ ತಂತ್ರಾಂಶವೇ ಧ್ವನಿಯಲ್ಲಿ ಮಾತನಾಡಿಸಿ, ನೀವು ಹೇಳಿದ್ದರ ಮೇಲೆಯೇ ಮರುಪ್ರಶ್ನೆ ಕೇಳುತ್ತದೆ. ಈ ಎರಡನೆಯದಕ್ಕೆ ಬಾಯಿಪಾಠ ಹೆಚ್ಚು ದೂರ ಬರುವುದಿಲ್ಲ, ಏಕೆಂದರೆ ಒಂದೇ ಮರುಪ್ರಶ್ನೆಗೆ ಕಂಠಪಾಠದ ಎಳೆ ತುಂಡಾಗುತ್ತದೆ. ಜೊತೆಗೆ ಅಂತಹ ತಂತ್ರಾಂಶಗಳು ಸಾಮಾನ್ಯವಾಗಿ ಮೌನವನ್ನು ನೋಡಿ ನಿಮ್ಮ ಮಾತು ಮುಗಿಯಿತೆಂದು ಭಾವಿಸುವುದರಿಂದ, ಯೋಚಿಸಲು ಹೊತ್ತು ಬೇಕಾದಾಗ ಸುಮ್ಮನೆ ಕೂರದೆ "ಒಂದು ಕ್ಷಣ ಯೋಚಿಸಿ ಹೇಳುತ್ತೇನೆ" ಎಂದು ಬಾಯಿಬಿಟ್ಟು ಹೇಳುವುದು ಒಳಿತು.

ಎರಡೂ ಬಗೆಗಳಲ್ಲಿ ಮುಖ್ಯವಾದ ಸಂಗತಿ ಒಂದೇ. ಸಾಮಾನ್ಯವಾಗಿ ನಿಮ್ಮ ಮಾತು ಮೊದಲು ಅಕ್ಷರರೂಪಕ್ಕೆ ಇಳಿಯುತ್ತದೆ, ಆ ಬರಹವನ್ನು ಹುದ್ದೆಗೆ ಬೇಕಾದ ಗುಣಗಳ ಪಟ್ಟಿಯೊಂದಿಗೆ ಹೋಲಿಸಿ ಅಂಕ ಕೊಡಲಾಗುತ್ತದೆ. ಆದ್ದರಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುವುದಕ್ಕಿಂತ ಫೋನಿನ ಧ್ವನಿ ಟೈಪಿಂಗ್ ಸೌಲಭ್ಯದ ಮುಂದೆ ಅಭ್ಯಾಸ ಮಾಡಿ. ಒಂದು ಉತ್ತರವನ್ನು ಅದಕ್ಕೆ ಹೇಳಿ, ಮೂಡಿದ ಬರಹವನ್ನು ಬೇರೆಯವರದೆಂದು ಭಾವಿಸಿ ಓದಿ. ಯಾವ ಪದವನ್ನು ಅದು ತಪ್ಪಾಗಿ ಕೇಳಿಸಿಕೊಂಡಿದೆ, ಯಾವ ವಾಕ್ಯ ಅರ್ಧಕ್ಕೇ ನಿಂತಿದೆ, ಎಷ್ಟು ಕಡೆ "ಅಂದರೆ" ಎಂಬುದು ಬಂದಿದೆ ಎನ್ನುವುದು ಕಣ್ಣಿಗೆ ಹೊಡೆಯುತ್ತದೆ. ಸಂಕ್ಷಿಪ್ತ ಪದಗಳೇ ಹೆಚ್ಚಾಗಿ ಕೆಡುವುದರಿಂದ ಅವುಗಳನ್ನು ಬಿಡಿಸಿ ಹೇಳಿ.

ಮುಗುಳ್ನಗೆಯ ವಿಷಯ ಹಳೆಯದು. ಈ ಕ್ಷೇತ್ರದ ದೊಡ್ಡ ಸಂಸ್ಥೆಯಾದ ಹೈರ್‌ವ್ಯೂ ಅಭ್ಯರ್ಥಿಗಳ ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲೇ ಪ್ರಕಟಿಸಿತು. ಐರೋಪ್ಯ ಒಕ್ಕೂಟದ ಕಾಯ್ದೆಯಂತೂ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, ಉದ್ಯೋಗದ ಸ್ಥಳದಲ್ಲಿ ಯಂತ್ರದ ಮೂಲಕ ಭಾವನೆಗಳನ್ನು ಗುರುತಿಸುವುದನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ.

ಉತ್ತರ 2

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ದೃಶ್ಯದ ವಿಷಯದಲ್ಲಿ ಅಷ್ಟು ನಿಶ್ಚಿಂತೆ ಬೇಡ. ಒಂದು ಸಂಸ್ಥೆ ಕೈಬಿಟ್ಟ ಮಾತ್ರಕ್ಕೆ ಎಲ್ಲರೂ ಬಿಟ್ಟಿದ್ದಾರೆಂದು ಅರ್ಥವಲ್ಲ. ಜರ್ಮನಿಯ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪತ್ರಕರ್ತರು 2021ರಲ್ಲಿ ಇಂತಹದೇ ಒಂದು ತಂತ್ರಾಂಶವನ್ನು ಪರೀಕ್ಷಿಸಿದಾಗ, ಕನ್ನಡಕ ಹಾಕಿಕೊಂಡರೆ ಅಥವಾ ಬೆನ್ನ ಹಿಂದೆ ಪುಸ್ತಕದ ಕಪಾಟು ಇದ್ದರೆ ಅದೇ ವ್ಯಕ್ತಿಯ ವ್ಯಕ್ತಿತ್ವದ ಅಂಕಗಳೇ ಬದಲಾದವು. ಹಾಗೆಂದು ಕಪಾಟು ತಂದಿಡಿ ಎನ್ನುತ್ತಿಲ್ಲ; ಬೆಳಕು ಮುಂದಿನಿಂದ ಬೀಳಲಿ, ಹಿನ್ನೆಲೆ ಖಾಲಿಯಾಗಿರಲಿ, ಮೈಕ್ ಬಾಯಿಗೆ ಹತ್ತಿರವಿರಲಿ, ಅಷ್ಟೇ.

ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ಐದು ಪ್ರಮುಖ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಪರಿಶೀಲಿಸಿದಾಗ, ಬಿಳಿಯರ ಮಾತಿನಲ್ಲಿ ಸರಾಸರಿ 100 ಪದಗಳಿಗೆ 19 ತಪ್ಪುಗಳಾದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪುಗಳಾಗಿದ್ದವು. ನಿಮ್ಮ ಮಾತಿನ ಧಾಟಿ ಯಂತ್ರಕ್ಕೆ ಅಪರಿಚಿತವಾಗಿದ್ದರೆ ಅದು ನಿಮ್ಮ ದೋಷವಲ್ಲ, ಆದರೆ ನಷ್ಟ ನಿಮ್ಮದೇ. ಹಾಗಾಗಿ ಯಾವುದನ್ನು ಅಳೆಯುತ್ತೀರಿ, ಅಂತಿಮ ತೀರ್ಮಾನ ಮನುಷ್ಯರದೇ, ತೊಂದರೆಯಿದ್ದರೆ ಬೇರೆ ವ್ಯವಸ್ಥೆ ಇದೆಯೇ ಎಂದು ಸಂಸ್ಥೆಗೆ ಮೊದಲೇ ವಿನಯದಿಂದ ಬರೆದು ಕೇಳಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರಿಂದ ಇಂತಹ ವೀಡಿಯೊ ಸಂದರ್ಶನಕ್ಕೆ ಮುಂಚಿತ ಸೂಚನೆ, ವಿವರಣೆ ಮತ್ತು ಅಭ್ಯರ್ಥಿಯ ಒಪ್ಪಿಗೆ ಕಾನೂನಿನಲ್ಲೇ ಕಡ್ಡಾಯವಾಗಿದೆ. ಅಂತಹ ಕಾನೂನು ಇಲ್ಲದ ಕಡೆಯೂ ಕೇಳುವುದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಧ್ವನಿ ಟೈಪಿಂಗ್‌ನಲ್ಲಿ ಪ್ರಯತ್ನಿಸಿದೆ. "ನೀವು ಎದುರಿಸಿದ ಒಂದು ಕಠಿಣ ಸಮಸ್ಯೆ ಹೇಳಿ" ಎಂಬುದಕ್ಕೆ ನನ್ನ ಉತ್ತರ ಹೀಗೆ ಮೂಡಿತು: "ದಾಸ್ತಾನಿನಲ್ಲಿ ಬಹಳ ವ್ಯತ್ಯಾಸ ಬರುತ್ತಿತ್ತು, ನಾವೆಲ್ಲ ಸೇರಿ ತುಂಬಾ ಶ್ರಮಪಟ್ಟು ಅದನ್ನು ಸರಿಪಡಿಸಿದೆವು, ಎಲ್ಲರಿಗೂ ಸಂತೋಷವಾಯಿತು." ಓದಿದಾಗ ನನಗೇ ಸಪ್ಪೆಯೆನಿಸಿತು. ಇದನ್ನು ಹೇಗೆ ತಿದ್ದಬೇಕು?

ಉತ್ತರ 1ರವರಿಂದ

ಸಪ್ಪೆಯೆನಿಸಲು ಕಾರಣ, ಇದರಲ್ಲಿ ನೀವು ಎಲ್ಲಿಯೂ ಕಾಣುವುದಿಲ್ಲ. "ನಾವು" ಎಂದಿರುವಲ್ಲಿ ನಿಮ್ಮ ಪಾಲು ಯಾವುದು? ಮನುಷ್ಯ ಸಂದರ್ಶಕರಾದರೆ ಅದನ್ನು ತಾವೇ ಕೆದಕಿ ಕೇಳುತ್ತಾರೆ. ರೆಕಾರ್ಡ್ ಆಗುವ ಸಂದರ್ಶನದಲ್ಲಿ ಕೆದಕುವವರಿಲ್ಲ, ಹೇಳದೆ ಬಿಟ್ಟದ್ದು ಬಿಟ್ಟೇ ಹೋಗುತ್ತದೆ. ಪರಿಸ್ಥಿತಿ, ನಿಮ್ಮ ಹೊಣೆ, ನೀವು ಮಾಡಿದ ಕೆಲಸ, ಫಲಿತಾಂಶ ಎಂಬ ಅನುಕ್ರಮ ನಿಮಗೆ ಗೊತ್ತಿರಬಹುದು. ನೀವು ನಿಜಕ್ಕೂ ಏನು ಮಾಡಿದಿರೆಂದು ನನಗೆ ತಿಳಿಯದು, ಮಾದರಿಗೆಂದು ಹೀಗೆ ಬರೆಯುತ್ತೇನೆ:

"ತಿಂಗಳ ಕೊನೆಯ ಎಣಿಕೆಯಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ಗೋದಾಮಿನಲ್ಲಿದ್ದ ಸರಕಿಗೂ ತಾಳೆಯಾಗುತ್ತಿರಲಿಲ್ಲ. ಕಾರಣ ಹುಡುಕುವ ಹೊಣೆ ನನಗೆ ಬಂತು. ವಾಪಸು ಬಂದ ಸರಕನ್ನು ಸ್ಕ್ಯಾನ್ ಮಾಡದೆಯೇ ಕಪಾಟಿಗೆ ಸೇರಿಸುತ್ತಿದ್ದಾರೆಂದು ಹಳೆಯ ರಸೀದಿಗಳನ್ನು ಹೋಲಿಸಿ ಪತ್ತೆಹಚ್ಚಿದೆ. ವಾಪಸು ಸರಕಿಗೆ ಪ್ರತ್ಯೇಕ ಜಾಗ ಗುರುತಿಸಿ, ಸ್ಕ್ಯಾನ್ ಆಗದೆ ಅಲ್ಲಿಂದ ಏನೂ ಕದಲದಂತೆ ನಿಯಮ ಮಾಡಿಸಿದೆ. ಮುಂದಿನ ಎಣಿಕೆಯಲ್ಲಿ ವ್ಯತ್ಯಾಸ ಗಣನೀಯವಾಗಿ ಇಳಿಯಿತು."

"ಗಣನೀಯವಾಗಿ" ಎಂಬಲ್ಲಿ ನಿಜವಾದ ಅಂಕಿಯೊಂದು ಬಂದರೆ ಇನ್ನೂ ಗಟ್ಟಿಯಾಗುತ್ತದೆ. ಜಾಹೀರಾತಿನಲ್ಲಿ "ದಾಸ್ತಾನು ನಿಖರತೆ" ಎಂಬ ಮಾತಿದ್ದರೆ ಅದನ್ನೇ ಸಹಜವಾಗಿ ಒಂದು ಕಡೆ ಬಳಸಿ. ಅಂಕಿ ನೆನಪಿಲ್ಲದಿದ್ದರೆ ಮಾತ್ರ ಊಹಿಸಿ ಹೇಳಬೇಡಿ. ಮುಂದಿನ ಸುತ್ತಿನಲ್ಲಿ ಮನುಷ್ಯರು ಇದೇ ಬರಹವನ್ನು ಮುಂದಿಟ್ಟುಕೊಂಡು ಆ ಅಂಕಿ ಎಲ್ಲಿಂದ ಬಂತೆಂದು ಕೇಳುವ ಸಾಧ್ಯತೆ ಇರುತ್ತದೆ.